ಮಾವು ಕೆ ಮಾನಾ ಮತ್ತು ಒಂದು ಲೋಟ ನೀರು

ನಮ್ಮ ಮನೆಯಲ್ಲಿ ಯಾರು ಯಾರಿಗೆ ಯಾವ ಪ್ರಶ್ನೆ ಬೇಕಾದರೂ ಕೇಳಬಹುದು. ಹೊರಗೆ ಹೊರಟವರಿಗೆ ಮಾತ್ರ "ಎಲ್ಲಿಗೆ" ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಬಾಯಿ ತಪ್ಪಿ ಯಾರಾದರೂ ಕೇಳಿಬಿಟ್ಟರೆ ಹೊರಟವರು ಒಳಗೆ ಬಂದು, ಚಪ್ಪಲಿ ಬಿಟ್ಟು, ಕೂತು, ಒಂದು ಲೋಟ ನೀರು ಕುಡಿದು, ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಮೊದಲಿಂದ ಹೊರಡಬೇಕು. ತಿಳಿದುಕೊಳ್ಳಲೇಬೇಕು ಅಂದರೆ "ದೂರ ಹೊರಟ್ರಾ?" ಅನ್ನಬಹುದು. ಅದಕ್ಕೆ ಅವರು "ಇಲ್ಲೇ" ಅನ್ನುತ್ತಾರೆ. ಆ "ಇಲ್ಲೇ" ಬೀದಿ ಕೊನೆಯ ಅಂಗಡಿಯೂ ಆಗಬಹುದು, ಸಿಂಗಪುರವೂ ಆಗಬಹುದು.

ಈ ಕಾನೂನನ್ನು ಅಮ್ಮ ಮಂಡ್ಯದಿಂದ ಅಮೆರಿಕಕ್ಕೆ ಹೊತ್ತು ತಂದಳು. ಉಪ್ಪಿನಕಾಯಿ ಜಾಡಿಯನ್ನು ಬಿಚ್ಚಿಸಿ ಮೂಸಿ ನೋಡಿದ ವಿಮಾನ ನಿಲ್ದಾಣದವರು ಇದನ್ನು ಮಾತ್ರ ಹಾಗೇ ಬಿಟ್ಟುಬಿಟ್ಟರು. ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮವರು ಕೇಳದ ಪ್ರಶ್ನೆಯಾದರೂ ಯಾವುದಿದೆ? ಮರ್ಸರ್ ಐಲ್ಯಾಂಡ್‌ನಲ್ಲಿ ಮನೆ ಮಾಡಿರುವ ನಮ್ಮ ಪರಿಚಯದ ಅಂಕಲ್ ಒಬ್ಬರಿದ್ದಾರೆ. ಯಾರ ಮನೆಯ ಊಟಕ್ಕೆ ಹೋದರೂ ತಟ್ಟೆ ಹಿಡಿದು ನನ್ನ ಪಕ್ಕಕ್ಕೇ ಬಂದು ನಿಲ್ಲುತ್ತಾರೆ. "ಏನಪ್ಪಾ, ಕೆಲಸ ಸಿಕ್ತಾ? ಇನ್ನೂ ಇಲ್ವಾ? ಯಾಕೆ? ಎಷ್ಟು ಕಡೆ ಅಪ್ಲೈ ಮಾಡಿದೀಯ? ಜಿಪಿಎ ಕಮ್ಮಿನಾ? ಗರ್ಲ್‌ಫ್ರೆಂಡ್ ಗಿರ್ಲ್‌ಫ್ರೆಂಡ್ ಏನಾದ್ರೂ ಇದಾಳಾ?" ಅನ್ನುತ್ತಾರೆ. ಪ್ರತಿ ಪ್ರಶ್ನೆಗೂ ಒಂದು ತುತ್ತು ಬಿಸಿಬೇಳೆಬಾತು. ನಾನು ಅವರ ಹಾಗೆ ಅನ್ನ ನುಂಗಿ, ಹುಬ್ಬು ಎತ್ತಿ, "ಗಿರ್ಲ್‌ಫ್ರೆಂಡ್" ಅಂತ ಎಳೆದು ತೋರಿಸಿದರೆ ನಗದವರಿಲ್ಲ. ಅವರ ಹೆಂಡತಿಯೇ ನಕ್ಕಿದ್ದಾರೆ. ಇಷ್ಟೆಲ್ಲ ಕೇಳುವ ಮನುಷ್ಯ ನಾವು ಹೊರಡುವಾಗ ಬಾಗಿಲಲ್ಲಿ ನಿಂತು ಮಹಾ ಸಭ್ಯತೆಯಿಂದ "ದೂರ ಹೊರಟ್ರಾ?" ಅನ್ನುತ್ತಾರೆ. ಒಬ್ಬನ ಜೇಬು, ಜಾತಕ, ಹೃದಯ ಮೂರನ್ನೂ ಬಗೆದು ನೋಡಬಹುದು, ಅವನು ಹಾಲು ತರಲು ಹೊರಟಿದ್ದಾನೋ ಇಲ್ಲವೋ ಅನ್ನುವುದನ್ನು ಮಾತ್ರ ಕೇಳುವಂತಿಲ್ಲ. ಇದು ಯಾವ ಸೀಮೆ ನ್ಯಾಯ?

ಇಂಥ ನಾವು ರೆಡ್ಮಂಡ್‌ನ ಅಪಾರ್ಟ್‌ಮೆಂಟ್ ಬಿಟ್ಟು ಮಿಲ್ ಕ್ರೀಕ್‌ನಲ್ಲಿ ಮನೆ ಮಾಡಿದೆವು. ಪಕ್ಕದ ಮನೆಯಲ್ಲಿದ್ದದ್ದು "ಎಲ್ಲಿಗೆ" ಅನ್ನುವ ಒಂದೇ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳುವ ಹೆಂಗಸು.

ಅವರು ಇಂಡೊನೇಷ್ಯಾದ ಸುರಬಾಯಾದವರು. ಅರವತ್ತು ದಾಟಿದ, ಗುಂಡಗಿನ, ಸದಾ ಹೂವಿನ ಚಿತ್ರದ ನೈಟಿಯ ಮೇಲೆ ಚಳಿಗಾಲದ ಜಾಕೆಟ್ ಹಾಕಿಕೊಂಡಿರುವವರು. ನರ್ಸ್ ಆಗಿರುವ ಮಗಳ ಜೊತೆ ಇರಲು ಬಂದವರು. ಅವರನ್ನು ಎಲ್ಲರೂ ಇಬು ಅನ್ನುತ್ತಾರೆ. ಅಲ್ಲಿ ಹೆತ್ತ ತಾಯಿಗೂ ಇಬು, ತಾಯಿಯ ವಯಸ್ಸಿನ ಯಾರಿಗಾದರೂ ಇಬು. ಇಬುಗೆ ಇಂಗ್ಲಿಷು ನನಗೆ ಸಂಸ್ಕೃತ ಬಂದಷ್ಟು ಬರುತ್ತದೆ. ಬೆಳಗಾದರೆ ಮೇಲ್‌ಬಾಕ್ಸ್ ಪಕ್ಕದ ಗುಲಾಬಿ ಗಿಡಗಳ ಹತ್ತಿರ ಕತ್ತರಿ ಹಿಡಿದು ನಿಲ್ಲುತ್ತಿದ್ದರು. ನಮ್ಮ ಗರಾಜ್ ಬಾಗಿಲು ಗುಡುಗುಟ್ಟುತ್ತ ಮೇಲೆದ್ದರೆ ಸಾಕು, ಕತ್ತರಿ ಎತ್ತಿ, ಬಾಯ್ತುಂಬ ನಕ್ಕು, ಕೊನೆಯ ಅಕ್ಷರವನ್ನು ಗಾಳಿಪಟದ ಹಾಗೆ ಮೇಲಕ್ಕೆ ಬಿಟ್ಟು ಕೇಳುತ್ತಿದ್ದರು:

"ಮಾಉ ಕೆ ಮಾನಾ?"

ಅಮ್ಮ ಮೊದಲ ವಾರವೇ ಅದರ ಅರ್ಥ ಕಂಡುಹಿಡಿದಳು. "ಮಾವು ಬೇಕಂತೆ ಕಣೋ ಆಕೆಗೆ. ಪಾಪ, ಈ ಚಳಿ ಊರಲ್ಲಿ ಮಾವಿನಕಾಯಿ ಎಲ್ಲಿ ಸಿಗಬೇಕು," ಅಂದು ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕೊಟ್ಟು ಬಂದಳು. ಅದೇ ಬಾಟಲಿ ಮರುದಿನ ಬಾಳೆಹಣ್ಣಿನ ಬಜ್ಜಿ ತುಂಬಿಕೊಂಡು ವಾಪಸು ಬಂತು. ಅಮ್ಮ ಕೃತಾರ್ಥಳಾದಳು. ಆಮೇಲೆ ಇಬು "ಮಾಉ ಕೆ ಮಾನಾ" ಅಂದಾಗಲೆಲ್ಲ ಅಮ್ಮ ಕಾರಿನ ಕಿಟಕಿಯಿಂದ "ಕೊಡ್ತೀನಿ, ಕೊಡ್ತೀನಿ" ಅಂತ ಕೈ ಆಡಿಸುತ್ತಿದ್ದಳು. ಇಬ್ಬರೂ ಸುಖವಾಗಿದ್ದರು.

ಆ ಸುಖ ಕೆಟ್ಟದ್ದು ಇಬು ಅವರ ಮಗಳಿಂದ. ಒಂದು ಭಾನುವಾರ ಬೇಲಿಯ ಹತ್ತಿರ ಸಿಕ್ಕಿದ ಆಕೆ ಉಪ್ಪಿನಕಾಯಿಗೆ ಧನ್ಯವಾದ ಹೇಳಿ, ನಮ್ಮಮ್ಮ ನಿಮಗೆ ದಿನಾ ಎಲ್ಲಿಗೆ ಹೋಗ್ತಿದೀರಾ ಅಂತ ಕೇಳಿ ತೊಂದರೆ ಕೊಡ್ತಾರಾ, ಬೇಜಾರು ಮಾಡ್ಕೋಬೇಡಿ, ನಮ್ಮಲ್ಲಿ ನಮಸ್ಕಾರ ಅನ್ನೋದೇ ಹಾಗೆ, ಅಂದಳು. ಅಮ್ಮನ ಕಿವಿ "ಎಲ್ಲಿಗೆ" ಅನ್ನುವಲ್ಲೇ ನಿಂತುಹೋಯಿತು. "ನಮಸ್ಕಾರ" ಅವಳಿಗೆ ಕೇಳಿಸಲೇ ಇಲ್ಲ. ಒಳಗೆ ಬಂದವಳು ಸೋಫಾದ ಮೇಲೆ ಕುಸಿದು, "ಅಯ್ಯೋ, ಇಷ್ಟು ದಿನಾನೂ ಎಲ್ಲಿಗೆ ಅಂತಲೇನೋ ಕೇಳ್ತಿದ್ದಿದ್ದು," ಅಂದಳು. ಕೆಟ್ಟುಹೋದ ಎಲ್ಲ ಕೆಲಸಗಳಿಗೂ ಅವತ್ತು ಕಾರಣ ಸಿಕ್ಕಿತು. ನನಗೆ ಇಂಟರ್‌ವ್ಯೂಗಳಲ್ಲಿ ಕೆಲಸ ಸಿಗದಿದ್ದದ್ದೂ ಆ ಪಟ್ಟಿಗೆ ಸೇರಿತು. ಅದೊಂದು ವಿಷಯದಲ್ಲಿ ನಾನು ವಾದ ಮಾಡಲಿಲ್ಲ.

ಇದು ಬರೀ ನಗುವ ವಿಷಯವಾಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ, ಮಾಡಿ ತೋರಿಸಿ ಸುಮ್ಮನಾಗುತ್ತಿದ್ದೆ. ಆ ತಿಂಗಳು ಅಮ್ಮನ ಡ್ರೈವಿಂಗ್ ಟೆಸ್ಟ್ ಇತ್ತು.

ಅಮ್ಮ ಊರಲ್ಲಿ ಹೈಸ್ಕೂಲಿನ ಗಣಿತದ ಮೇಡಂ. ತರಗತಿಯಲ್ಲಿ ಪ್ರಶ್ನೆ ಕೇಳುವುದು ಅವಳು, ತಲೆ ತಗ್ಗಿಸುವುದು ಮಿಕ್ಕವರು. ಇಲ್ಲಿಗೆ ಬಂದ ಮೇಲೆ ವೀಸಾದ ದೆಸೆಯಿಂದ ವರ್ಷಗಟ್ಟಲೆ ಕೆಲಸ ಮಾಡುವಂತಿರಲಿಲ್ಲ. ಗ್ರೀನ್ ಕಾರ್ಡ್ ಬಂತು. ಹತ್ತಿರದ ಊರಿನ ಡೇಕೇರ್ ಒಂದರಲ್ಲಿ ಕೆಲಸವೂ ಒಪ್ಪಿಗೆಯಾಯಿತು. ಆದರೆ ಬಾಗಿಲು ತೆರೆಯುವ ಪಾಳಿ, ನಸುಕಿನಲ್ಲೇ ಅಲ್ಲಿರಬೇಕು, ಆ ಹೊತ್ತಿಗೆ ನಮ್ಮ ಕಡೆಯಿಂದ ಬಸ್ಸಿಲ್ಲ. ನೀವೇ ಡ್ರೈವ್ ಮಾಡಿಕೊಂಡು ಬರುವ ಹಾಗಾದರೆ ಕೆಲಸ ನಿಮ್ಮದು, ಬೇಸಿಗೆ ಮುಗಿಯುವವರೆಗೆ ಕಾಯುತ್ತೇವೆ, ಅಂದಿದ್ದರು. ರೆಡ್ಮಂಡ್‌ನಲ್ಲಿದ್ದಾಗ ತರಕಾರಿ, ಲೈಬ್ರರಿ, ಗೆಳತಿಯರ ಮನೆ ಎಲ್ಲ ಕಾಲ್ನಡಿಗೆಯಲ್ಲೇ ಆಗುತ್ತಿತ್ತು. ಮಿಲ್ ಕ್ರೀಕ್‌ನಲ್ಲಿ ಕೊತ್ತಂಬರಿ ಸೊಪ್ಪಿಗೂ ಕಾರು ಬೇಕು. ಅಪ್ಪ ಬೆಳಿಗ್ಗೆಯೇ ಆಫೀಸಿನ ಶಟಲ್ ಹತ್ತಿ ಹೋಗುವವರು. ಮನೆಯಲ್ಲಿ ಬಿದ್ದಿರುವ ಲೈಸೆನ್ಸುದಾರ ನಾನೊಬ್ಬನೇ. ಹಾಗಾಗಿ ಒಂದು ಕಾಲದಲ್ಲಿ ಇಡೀ ಕ್ಲಾಸನ್ನು ಎದ್ದು ನಿಲ್ಲಿಸುತ್ತಿದ್ದ ಹೆಂಗಸು ನನ್ನ ರೂಮಿನ ಬಾಗಿಲಲ್ಲಿ ನಿಂತು, "ಬಿಡುವಿದ್ಯೇನೋ, ಒಂಚೂರು ಡ್ರಾಪ್ ಮಾಡ್ತೀಯಾ?" ಅಂತ ಕೇಳುವ ಹಾಗಾಗಿತ್ತು. ಮೊದಮೊದಲು "ಡ್ರಾಪ್ ಮಾಡೋ" ಇದ್ದದ್ದು "ಮಾಡ್ತೀಯಾ" ಆಗಿ, ಆಮೇಲೆ "ಬಿಡುವಿದ್ಯಾ" ಸೇರಿಕೊಂಡು, ಕೊನೆಗೆ ಆ "ಒಂಚೂರು" ಬಂದು ಕೂತಿತು. ನಾನು ಯಾರ ದನಿಯನ್ನಾದರೂ ಅನುಕರಿಸುತ್ತೇನೆ. ಅಮ್ಮನ ಆ "ಒಂಚೂರು" ಮಾತ್ರ ನನ್ನ ಬಾಯಲ್ಲಿ ಬರುತ್ತಿರಲಿಲ್ಲ.

ಟೆಸ್ಟಿನ ದಿನ ಗರಾಜ್ ಬಾಗಿಲು ಎದ್ದಿತು. ಕತ್ತರಿ ಎದ್ದಿತು. "ಮಾಉ ಕೆ ಮಾನಾ?"

ಅಮ್ಮ ಸೀಟ್ ಬೆಲ್ಟ್ ಬಿಚ್ಚಿದಳು.

"ಅಮ್ಮ, ಲೇಟಾಗುತ್ತೆ," ಅಂದೆ.

"ಆಗ್ಲಿ."

"ಅದು ಅವರ ಭಾಷೆ. ಕನ್ನಡದಲ್ಲಿ ಕೇಳಿದ್ರೆ ತಾನೇ ಲೆಕ್ಕ?"

"ಶನಿಗೆ ಭಾಷೆ ಉಂಟೇನೋ?" ಅಂದು ಒಳಗೆ ಹೋಗಿ, ಕೂತು, ನೀರು ಕುಡಿದಳು. ಬಿಸಿ ಕಾಫಿಯ ಹಾಗೆ ಗುಟುಕು ಗುಟುಕಾಗಿ ಕುಡಿದಳು. ಟೆಸ್ಟಿಗೆ ತಡವಾಗಿ ಮುಟ್ಟಿದೆವು. ಆತುರದಲ್ಲಿ ಮೂಲೆ ತಿರುಗಿಸಿ ರಿವರ್ಸ್ ತೆಗೆಯುವಾಗ ಚಕ್ರ ರಸ್ತೆ ಬದಿಯ ಕಲ್ಲಂಚು ಹತ್ತಿತು. ಫೇಲ್.

ವಾಪಸು ಬರುವಾಗ ಕಾರಿನಲ್ಲಿ ಟೆಸ್ಟಿನ ಹಾಳೆಯನ್ನು ಮಡಿಸಿ ಮಡಿಸಿ ಸಣ್ಣದು ಮಾಡಿದಳು. ಕೊನೆಗೆ, "ಆ ಮನುಷ್ಯ ನನ್ನನ್ನ ಏನ್ ಕೇಳ್ದ ಗೊತ್ತಾ," ಅಂದಳು. ಪರೀಕ್ಷಕ ಎಡಕ್ಕೆ ಅಂದಾಗ ಅವಳು ಕನ್ನಡಿ ನೋಡಿಕೊಳ್ಳಲು ಒಂದು ಕ್ಷಣ ತೆಗೆದುಕೊಂಡಳಂತೆ. ಅವನು ಅವಳ ಕಡೆ ತಿರುಗಿ, ಒಂದೊಂದೇ ಪದವನ್ನು ಬಿಡಿಸಿ, ಕಿವುಡರ ಮುಂದೆ ಕೂಗುವ ಹಾಗೆ ಕೇಳಿದನಂತೆ: "ಡು. ಯೂ. ಅಂಡರ್‌ಸ್ಟ್ಯಾಂಡ್. ವಾಟ್. ಐ. ಆಮ್. ಸೇಯಿಂಗ್?"

ನನ್ನ ಮೈ ಉರಿಯಿತು, ಈಗಲೂ ಉರಿಯುತ್ತದೆ. ಅದು ಪ್ರಶ್ನೆಯಲ್ಲ. ಅವನಿಗೆ ಉತ್ತರ ಬೇಕಿರಲಿಲ್ಲ, ಅವಳು ಚಿಕ್ಕವಳಾಗುವುದು ಬೇಕಿತ್ತು. ಅಮ್ಮ ಮಾತ್ರ ಆ ಸಿಟ್ಟನ್ನೆಲ್ಲ ಪೊಟ್ಟಣ ಕಟ್ಟಿ ಪಕ್ಕದ ಮನೆ ವಿಳಾಸ ಬರೆದಳು. "ಎಲ್ಲಾ ಆಕೆ ಬಾಯಿಂದ ಆಗಿದ್ದು. ನೀನು ಎಲ್ಲರ ಥರಾನೂ ಮಾತಾಡ್ತೀಯಲ್ಲ, ಅವರ ಭಾಷೇಲೇ ಹೇಳ್ಬಿಟ್ಟು ಬಾ, ಎಲ್ಲಿಗೆ ಅಂತ ಕೇಳ್ಬೇಡಿ ಅಂತ. ನೋವಾಗ್ದಂಗೆ ಹೇಳು."

"ಮಗಳಿಗೆ ಇಂಗ್ಲಿಷಲ್ಲಿ ಹೇಳಿದ್ರಾಯ್ತಪ್ಪ."

"ಮಗಳ ಕೈಲಿ ತಾಯಿಗೆ ಬುದ್ಧಿ ಹೇಳಿಸ್ತಾರೇನ್ಲಾ ಯಾರಾದ್ರೂ?" ಸಿಟ್ಟು ಬಂದಾಗ ಅಮ್ಮನ ಬಾಯಿಂದ ಮಂಡ್ಯ ಹೊರಗೆ ಬರುತ್ತದೆ. ಮಂಡ್ಯ ಬಂದ ಮೇಲೆ ನಾನು ಮಾತಾಡುವುದಿಲ್ಲ.

ಹೀಗೆ ನಾನು ಕೆಲಸ ಹುಡುಕುವುದನ್ನು ಬಿಟ್ಟು ಇಂಡೊನೇಷ್ಯಾ ಭಾಷೆಯಲ್ಲಿ ಪ್ರಶ್ನೆ ಕೇಳುವುದನ್ನು ಕಲಿಯಲು ಕೂತೆ. ಕೇಳಬೇಡಿ ಅನ್ನಬೇಕಾದರೆ ಕೇಳುವುದು ಹೇಗೆ ಅಂತ ಮೊದಲು ಗೊತ್ತಿರಬೇಕಲ್ಲ. ಫೋನಿನಲ್ಲಿ ಪಾಠಗಳಿದ್ದವು. ಅಪಾ ಅಂದರೆ ಏನು. ಸಿಯಾಪಾ ಅಂದರೆ ಯಾರು. ಕೆನಾಪಾ ಅಂದರೆ ಯಾಕೆ. ಎಲ್ಲದರಲ್ಲೂ ಒಬ್ಬ ಅಪ್ಪ ಇದ್ದಾನೆ. ನಮ್ಮ ಮರ್ಸರ್ ಐಲ್ಯಾಂಡ್ ಅಂಕಲ್ಲಿನ "ಏನಪ್ಪಾ, ಯಾಕಪ್ಪಾ" ಕೇಳಿಸಿಕೊಂಡು ಯಾರೋ ವ್ಯಾಕರಣ ಬರೆದ ಹಾಗಿತ್ತು. ಇಷ್ಟೇನಾ, ಅಂದುಕೊಂಡೆ.

ಬೇಲಿಯ ಹತ್ತಿರ ಹೋಗಿ, ಊಟ ಆಯಿತೇ ಎಂದು ಕೇಳಿ ಮಾತು ಶುರುಮಾಡೋಣ ಅನ್ನಿಸಿತು. ಮಾಕನ್ ಅಂದರೆ ತಿನ್ನು. ನಮ್ಮಲ್ಲಿ ಪ್ರಶ್ನೆ ಅಂದರೆ ಮಾತಿನ ಬಾಲಕ್ಕೆ ಒಂದು "ಆ" ಕಟ್ಟುವುದು. ಬಂದ್ರು, ಬಂದ್ರಾ. ಬಿಸಿ, ಬಿಸಿನಾ. ಇಂಗ್ಲಿಷನ್ನೂ ಬಿಟ್ಟಿಲ್ಲ ನಾವು. ಬ್ಯುಸಿನಾ, ಫ್ರೀನಾ, ಶ್ಯೂರಾ. ಕನ್ನಡದ ನಾಲಿಗೆಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ತಾನಾಗಿ ಕಟ್ಟುತ್ತದೆ. ನಾನು ಇಬು ಅವರ ದನಿಯನ್ನೇ ಹಿಡಿದು, ಗಾಳಿಪಟ ಬಿಟ್ಟು, ಕೇಳಿದೆ:

"ಇಬು, ಮಾಕನಾ?"

ಅವರ ಮುಖ ಅರಳಿತು. ಒಳಗೆ ಓಡಿಹೋಗಿ ಒಂದು ತಟ್ಟೆ ಅನ್ನ, ಮೊಟ್ಟೆ, ಕೆಂಪು ಚಟ್ನಿ ತಂದು ಬೇಲಿಯ ಮೇಲಿಂದ ಕೊಟ್ಟರು. ಪಕ್ಕದಲ್ಲಿ ನಿಂತು ತಿನ್ನಿಸಿದರು. ಮರುದಿನ ಮತ್ತೆ ಕೇಳಿದೆ. ಮತ್ತೆ ತಟ್ಟೆ. ಮೂರನೇ ದಿನ ನಾನು ಬಾಯಿ ತೆರೆಯುವ ಮೊದಲೇ ತಟ್ಟೆ ಬಂತು. ಮಾಕನಾನ್ ಅಂದರೆ ಊಟದ ಪದಾರ್ಥ ಅಂತ ಆಮೇಲೆ ತಿಳಿಯಿತು. ಅವರು ಊಟ ಮಾಡಿದರೇ ಎಂದು ನಾನು ವಿಚಾರಿಸುತ್ತಿದ್ದೆ, ಅವರಿಗೆ ಕೇಳಿಸುತ್ತಿದ್ದದ್ದು "ಅಮ್ಮಾ, ತಿನ್ನೋಕೆ?" ಅಂತ. ಓದಿ ಕೆಲಸವಿಲ್ಲದ ಹುಡುಗ, ಮನೆಯಲ್ಲಿ ಅಮ್ಮ ಹಾಕುವುದಿಲ್ಲವೋ ಏನೋ ಎಂದು ಅವರು ಮಗಳ ಹತ್ತಿರ ಮರುಗಿದ್ದರಂತೆ.

"ಬೀದೀಲಿ ನನ್ನ ಮಾನ ತೆಗ್ದೆಯಲ್ಲೋ," ಅಂದಳು ಅಮ್ಮ. "ಒಂದು ಪ್ರಶ್ನೆ ನೆಟ್ಟಗೆ ಕೇಳೋಕೆ ಬರಲ್ಲ ನಿಂಗೆ. ಅದಕ್ಕೇ ಇಂಟರ್‌ವ್ಯೂನಲ್ಲಿ ಎಬ್ಬಿಸಿ ಕಳಿಸ್ತಾರೆ."

ಇಬು ನನ್ನನ್ನು ತಿದ್ದಿದರು. ಬಾಲ ಬೇಡ, ತಲೆ ಬೇಕು. ಸುದಾ ಮಾಕನ್? ಸುದಾ ಅಂದರೆ ಆಗಿದೆ. ಆಗಿದ್ದರೆ ಸುದಾ ಅನ್ನು. ಆಗಿಲ್ಲದಿದ್ದರೆ "ಇಲ್ಲ" ಅನ್ನಬೇಡ, ಬಲುಮ್ ಅನ್ನು; ಇನ್ನೂ ಆಗಿಲ್ಲ ಅಂತ. ಊಟಕ್ಕೂ ಬಲುಮ್, ಮದುವೆಗೂ ಬಲುಮ್, ಕೆಲಸ ಸಿಕ್ಕಿತಾ ಅಂದರೂ ಬಲುಮ್. "ಇಲ್ಲ" ಅಂದರೆ ಇನ್ನು ಆಗುವುದೇ ಇಲ್ಲ ಅಂದಹಾಗೆ, ಅಂತ ಮುಖ ಸಣ್ಣಗೆ ಮಾಡಿ, ಕೈಯಲ್ಲಿ ಕತ್ತರಿಸಿ ತೋರಿಸಿದರು. ಇದು ನನಗೆ ಇಷ್ಟವಾಯಿತು. ಆಮೇಲಿನ ಊಟವೊಂದರಲ್ಲಿ ಅಂಕಲ್ "ಕೆಲಸ ಸಿಕ್ತಾ" ಅಂದಾಗ "ಬಲುಮ್" ಅಂದೆ. ಅದು ಯಾವ ಕಂಪನಿ ಅಂತ ಕೇಳಿದರು. ಪ್ರಾರಂಭದ ಹಂತದಲ್ಲಿದೆ ಅಂದೆ. ತುತ್ತು ನುಂಗಿ ತಲೆಯಾಡಿಸಿದರು.

ಈ ನಡುವೆ ನಾನು ಮೂಲ ಕೆಲಸವನ್ನು ಮರೆತಿರಲಿಲ್ಲ. ಜಾಂಗನ್ ಅಂದರೆ ಬೇಡ. ತಾನ್ಯ ಅಂದರೆ ಕೇಳು. ಒಂದು ಸಂಜೆ ಬೇಲಿಯ ಹತ್ತಿರ ನಿಂತು, ಎದೆ ಗಟ್ಟಿ ಮಾಡಿಕೊಂಡು, "ಇಬು, ಜಾಂಗನ್ ತಾನ್ಯ ಮಾಉ ಕೆ ಮಾನಾ," ಅಂದೆ. ಅಚ್ಚ ಸುರಬಾಯಾದ ಉಚ್ಚಾರ. ಯಾಕಂದರೆ "ಜಾಂಗನ್" ಅನ್ನುವ ಪದವನ್ನು ನಾನು ಕಲಿತದ್ದು ಅವರಿಂದಲೇ. ಗುಲಾಬಿ ಗಿಡ ಮೂಸಿ ಕಾಲೆತ್ತುವ ಎದುರು ಮನೆ ನಾಯಿಗೆ ಅವರು ಹೇಳುತ್ತಿದ್ದ ಅದೇ ದನಿ, ಅದೇ ಒತ್ತು, ಅದೇ ಬೆರಳು.

ಇಬು ನಗಲಿಲ್ಲ. ಕತ್ತರಿಯನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಎರಡನೇ ಟೆಸ್ಟಿನ ದಿನ ಗರಾಜ್ ಬಾಗಿಲು ಎದ್ದಿತು. ಗುಲಾಬಿಗಳ ಹತ್ತಿರ ಯಾರೂ ಇರಲಿಲ್ಲ. ಪಕ್ಕದ ಮನೆಯ ಪರದೆ ಎಳೆದಿತ್ತು. ಅಮ್ಮ ಕಾರು ಹತ್ತದೆ ಅತ್ತ ಇತ್ತ ನೋಡಿದಳು.

"ಯಾಕೋ ಕಾಣ್ತಿಲ್ವಲ್ಲ ಆಕೆ. ಹುಷಾರಾಗಿದಾರಾ?"

"ನೀನೇ ತಾನೇ ಕೇಳ್ಬಾರ್ದು ಅಂದಿದ್ದು."

"ಕೇಳ್ಬೇಡ ಅಂದ್ರೆ ಮುಖಾನೇ ತೋರಿಸ್ಬೇಡ ಅಂತಲಾ? ಏನಂತ ಹೇಳ್ದೆ ನೀನು?"

ಹೇಳಿ ತೋರಿಸಿದೆ, ಬೆರಳಿನ ಸಮೇತ. ಅಮ್ಮ ಹಣೆ ಚಚ್ಚಿಕೊಂಡಳು. ಅವತ್ತು ಯಾರೂ ಎಲ್ಲಿಗೆ ಅಂತ ಕೇಳಲಿಲ್ಲ, ಹೊತ್ತಿಗೆ ಮುಂಚೆ ಮುಟ್ಟಿದೆವು, ಮತ್ತು ಅಮ್ಮ ಫೇಲ್ ಆದಳು. ಅದೇ ಪರೀಕ್ಷಕ, ಅದೇ ಬಿಡಿಬಿಡಿ ಪ್ರಶ್ನೆ. ಆ ಪ್ರಶ್ನೆ ಬರುತ್ತದೆ ಅಂತ ಕಾಯುತ್ತಲೇ ಡ್ರೈವ್ ಮಾಡಿದಳಂತೆ. ಬಂದ ಕೂಡಲೆ ಸಿಗ್ನಲ್ ಹಾಕುವುದನ್ನೇ ಮರೆತಳಂತೆ. ಈಗ ಹೇಳಿ, ಕೇಳಿದರೂ ಫೇಲು, ಕೇಳದಿದ್ದರೂ ಫೇಲು. ನಾನು ಇದನ್ನೇ ತರ್ಕಬದ್ಧವಾಗಿ, ಗಣಿತದ ಮೇಡಂಗೆ ಅರ್ಥವಾಗುವ ಹಾಗೆ ಮಂಡಿಸಿದೆ. ಇಬು ಕೇಳುವುದಕ್ಕೂ ಫಲಿತಾಂಶಕ್ಕೂ ಸಂಬಂಧವಿಲ್ಲ ಅಂತ ಸಿದ್ಧವಾಯಿತು, ಇತಿ ಸಿದ್ಧಂ, ಅಂದೆ.

"ಸಂಬಂಧ ಯಾವ್ದಕ್ಕೆ ಇದೆ ಗೊತ್ತಾ," ಅಂದಳು ಅಮ್ಮ. ದನಿ ಎತ್ತಲಿಲ್ಲ. "ಪ್ರಾಕ್ಟೀಸ್ ಮಾಡ್ಸೋವಾಗೆಲ್ಲ ನೀನು ಅವನ ಥರ ಆಡ್ತೀಯ. ಡು ಯೂ ಅಂಡರ್‌ಸ್ಟ್ಯಾಂಡ್, ಡು ಯೂ ಅಂಡರ್‌ಸ್ಟ್ಯಾಂಡ್ ಅಂತ. ಅವನು ಕೇಳಿದ್ದು ಎರಡು ಸಲ. ನೀನು ದಿನಾ ಕೇಳ್ತೀಯ."

ನಾನು ತಮಾಷೆಗೆ ಮಾಡಿದ್ದು. ಅಷ್ಟೂ ಗೊತ್ತಾಗುವುದಿಲ್ಲವೇ ಈ ಜನಕ್ಕೆ? ಅವಳ ಹೆದರಿಕೆ ಹೋಗಲಿ ಅಂತ, ಆ ಮನುಷ್ಯನ ಮೂಗಿನ ದನಿ ಹಿಡಿದು, ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ಎಷ್ಟು ಚೆನ್ನಾಗಿ ಮಾಡುತ್ತಿದ್ದೆ. ಹೊಟ್ಟೆತುಂಬ ನಗುತ್ತಿದ್ದಾಳೆ ಅಂದುಕೊಂಡಿದ್ದೆ. ಅವಳು ಸ್ಟಿಯರಿಂಗ್ ಗಟ್ಟಿ ಹಿಡಿದುಕೊಳ್ಳುತ್ತಿದ್ದಳು, ಅಷ್ಟೆ. ಕಲೆಗೆ ಬೆಲೆ ಇಲ್ಲದ ಮನೆ ನಮ್ಮದು ಅಂದುಕೊಂಡು ರೂಮಿಗೆ ಹೋದೆ. ಹೋಗಿ, ಆ ಪೆನ್ನನ್ನು ಡ್ರಾಯರಿಗೆ ಹಾಕಿ ಕೂತೆ.

ಕೂತಿದ್ದಾಗ ಮುಂಬಾಗಿಲು ತೆರೆದ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಅಮ್ಮ ಒಂದು ಡಬ್ಬಿ ಹಿಡಿದು ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದಳು. ಇಬು ಬಾಗಿಲು ತೆರೆದರು. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಕಾಲು ಒಬ್ಬರು ನೋಡಿದರು. ಆಮೇಲೆ ಅಮ್ಮ, ನಾನು ಅಡುಗೆಮನೆಯಲ್ಲಿ ಆ ಪದಗಳನ್ನು ಉರು ಹೊಡೆಯುವುದನ್ನು ಒಗ್ಗರಣೆ ಹಾಕುತ್ತಲೇ ಕೇಳಿಸಿಕೊಂಡಿದ್ದ ಅಮ್ಮ, ಅನುಮಾನದಿಂದ ಕೇಳಿದಳು:

"ಸುದಾ ಮಾಕನ್?"

ಬಾಲವಿಲ್ಲದ, ತಲೆಯಿರುವ, ನೆಟ್ಟಗಿನ ಪ್ರಶ್ನೆ. ನನಗೆ ಮೂರು ದಿನ ಬೇಕಾಗಿದ್ದದ್ದು.

"ಬಲುಮ್," ಅಂದರು ಇಬು. ಅಮ್ಮ ಒಳಗೆ ಹೋದಳು.

ಅಲ್ಲಿ ಏನು ನಡೆಯಿತೋ ನನಗೆ ಪೂರ್ತಿ ಗೊತ್ತಿಲ್ಲ. ಕತ್ತಲಾಗುವ ಮುಂಚೆ ಕರೆದುಕೊಂಡು ಬರಲು ಹೋದಾಗ ಅಮ್ಮ ಅವರ ಹಾಲಿನ ನಡುವೆ ನಾಟಕ ಆಡುತ್ತಿದ್ದಳು. ಬಾಗಿಲವರೆಗೆ ನಡೆದು, ಯಾರೋ ಕರೆದ ಹಾಗೆ ನಿಂತು, ಅಯ್ಯೋ ಅಂತ ತಲೆಗೆ ಕೈ ಕೊಟ್ಟು, ವಾಪಸು ಬಂದು, ಕೂತು, ಖಾಲಿ ಲೋಟದಿಂದ ನೀರು ಕುಡಿದಳು. ಇಬು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಅನುಕರಣೆ ನನಗೆ ಯಾರಿಂದ ಬಂತು ಅಂತ ಅವತ್ತು ತಿಳಿಯಿತು. ಆಮೇಲೆ ಇಬು ಎದ್ದು ನಿಂತು ತಮ್ಮ ಪಾಲಿನ ನಾಟಕ ಆಡಿದರು. ಅವರೇ ಕತ್ತರಿ ಎತ್ತಿ "ಮಾಉ ಕೆ ಮಾನಾ" ಅಂದರು, ಓಡಿ ಇತ್ತ ಬಂದು ಅವರೇ ಕೈ ಬೀಸುತ್ತ "ಜಲಾನ್-ಜಲಾನ್" ಅಂದರು. ಸುಮ್ಮನೆ ಹಾಗೇ ತಿರುಗಾಡಿಕೊಂಡು ಬರಲು, ಅಂತ. ಎಲ್ಲಿಗೆ ಅಂತ ಕೇಳಿದವರಿಗೆ ಎಲ್ಲಿಗೆ ಅಂತ ಹೇಳಬೇಕಿಲ್ಲವಂತೆ. ಕೇಳಿದವರಿಗೂ ಅದು ಬೇಕಿಲ್ಲವಂತೆ. ಹೊರಟದ್ದನ್ನು ನೋಡಿದೆ ಅಂತ ತಿಳಿಸುವುದಷ್ಟೇ ಅದರ ಕೆಲಸ.

"ನಮ್ ಇಲ್ಲೇ ಥರಾನೇ ಕಣೋ," ಅಂದಳು ಅಮ್ಮ ನನ್ನ ಕಡೆ ತಿರುಗಿ, ಏನೋ ನಾನೇ ಇಷ್ಟು ದಿನ ಮುಚ್ಚಿಟ್ಟಿದ್ದೆ ಅನ್ನುವ ಹಾಗೆ.

ಅಂದಿನಿಂದ ಪ್ರಾಕ್ಟೀಸಿಗೆ ಇಬು ಹಿಂದಿನ ಸೀಟಿನಲ್ಲಿ ಬರತೊಡಗಿದರು. ಕಾನೂನಿನ ಪ್ರಕಾರ ಮುಂದೆ ಕೂರಬೇಕಾದ ಲೈಸೆನ್ಸುದಾರ ನಾನು, ಆದರೆ ಬಾಯಿ ಬಿಡುವಂತಿಲ್ಲ ಅನ್ನುವುದು ಅಮ್ಮನ ಷರತ್ತು. ಪ್ರತಿ ಕೂಡುರಸ್ತೆಯಲ್ಲೂ ಇಬು ಮುಂದಕ್ಕೆ ಬಾಗಿ ಕೇಳುತ್ತಿದ್ದರು: "ಕೆ ಮಾನಾ? ಕಿರಿ? ಕಾನನ್?" ಎಡಕ್ಕಾ, ಬಲಕ್ಕಾ. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ, ತಿಳಿಯುವ ಆಸೆಯಿಂದ ಕೇಳುತ್ತಿದ್ದರು. ಅಮ್ಮ ಕನ್ನಡಿ ನೋಡಿ, ಸಿಗ್ನಲ್ ಹಾಕಿ, "ಕಿರಿ" ಅನ್ನುತ್ತಿದ್ದಳು. ಮತ್ತೆ ಮುಂದಿನ ತಿರುವಿನಲ್ಲಿ "ಕಿರಿ?" "ಕಿರಿ." ಕಾರಿನ ತುಂಬ ಕಿರಿಕಿರಿ. ಈ ಶ್ಲೇಷೆಯನ್ನು ಹೇಳಲು ನನಗೆ ಅನುಮತಿ ಇರಲಿಲ್ಲ. ಒಂದು ಒಳ್ಳೆ ಜೋಕನ್ನು ಬಾಯಲ್ಲಿಟ್ಟುಕೊಂಡು ಇಡೀ ಮಿಲ್ ಕ್ರೀಕ್ ಸುತ್ತುವುದು ಎಂಥ ಹಿಂಸೆ ಅನ್ನುವುದು ನನ್ನಂಥವರಿಗೇ ಗೊತ್ತು. ಆದರೆ ಅಮ್ಮ ಸ್ಟಿಯರಿಂಗ್ ಗಟ್ಟಿ ಹಿಡಿದುಕೊಳ್ಳುವುದು ನಿಂತಿತ್ತು. ಅದನ್ನೂ ನಾನು ಹೇಳಲಿಲ್ಲ.

ಮೂರನೇ ಟೆಸ್ಟು, ಬೇಸಿಗೆಯ ಕೊನೆ. ಗರಾಜ್ ಬಾಗಿಲು ಎದ್ದಿತು. ಇಬು ಗುಲಾಬಿಗಳ ಹತ್ತಿರ ಕತ್ತರಿ ಸಮೇತ ನಿಂತಿದ್ದರು, ಆದರೆ ಇನ್ನೊಂದು ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡಿದ್ದರು. ನಮ್ಮ ಮರ್ಯಾದೆಗೆ. ಅಮ್ಮ ಕಾರನ್ನು ಅವರ ಪಕ್ಕ ನಿಲ್ಲಿಸಿ ಕಿಟಕಿ ಇಳಿಸಿದಳು. ಕಾದಳು. ಇಬು ಬಾಯಿ ಬಿಡಲಿಲ್ಲ. ಅಮ್ಮ ಕೈಸನ್ನೆಯಲ್ಲಿ ಬನ್ನಿ, ಬನ್ನಿ, ಕೇಳಿ ಅಂದಳು.

ಕೈ ಬಾಯಿಂದ ಇಳಿಯಿತು. "ಮಾಉ ಕೆ ಮಾನಾ?"

"ಜಲಾನ್-ಜಲಾನ್," ಅಂದಳು ನಮ್ಮಮ್ಮ, ಮಂಡ್ಯದ ಜಲಾನ್.

ಟೆಸ್ಟಿನಲ್ಲಿ ಅದೇ ಮನುಷ್ಯ. ಎಲ್ಲೋ ಒಂದು ತಿರುವಿನಲ್ಲಿ ಅದೇ ಪ್ರಶ್ನೆ, ಒಂದೊಂದೇ ಪದ. ಅಮ್ಮ ಕನ್ನಡಿ ನೋಡಿ, ಸಿಗ್ನಲ್ ಹಾಕಿ, ತಿರುಗಿಸಿ, ಆಮೇಲೆ ಹೇಳಿದಳಂತೆ: "ಯೆಸ್. ಡು ಯೂ?" ಮಿಕ್ಕ ದಾರಿ ಅವನು ಎಡ, ಬಲ ಬಿಟ್ಟರೆ ಏನೂ ಮಾತಾಡಲಿಲ್ಲವಂತೆ. ಪಾಸು. ಅವಳು ನಿಜವಾಗಿಯೂ ಹಾಗೆ ಅಂದಳೋ, ಕಾರಿನಿಂದ ಇಳಿದ ಮೇಲೆ ಹೊಳೆದದ್ದನ್ನು ಸೇರಿಸಿಕೊಂಡಳೋ ನನಗೆ ಅನುಮಾನವಿದೆ. ನಾನು ಯಾವಾಗಲೂ ಹಾಗೇ ಮಾಡುವುದು.

ಡೇಕೇರಿನಲ್ಲಿ ಈಗ ಅವಳೇ ಬಾಗಿಲು ತೆರೆಯುವುದು. ನನ್ನ ರೂಮಿನ ಬಾಗಿಲಲ್ಲಿ ಆ "ಒಂಚೂರು" ಬಂದು ನಿಲ್ಲುವುದಿಲ್ಲ. ಇಷ್ಟಾದ ಮೇಲೆ ನನಗೆ ಸಿಟ್ಟು ಯಾಕೆ ಅನ್ನುತ್ತೀರಿ. ಹೇಳುತ್ತೇನೆ.

ಹೋದ ಶನಿವಾರ ಅಮ್ಮ ಒಳ್ಳೆ ಸೀರೆ ಉಟ್ಟು, ಕಾರಿನ ಕೀ ಎತ್ತಿಕೊಂಡು ಹೊರಟಳು. ಮುಂದಿನ ಸೀಟಿನಲ್ಲಿ ಇಬು ಆಗಲೇ ಕೂತಿದ್ದರು, ಅವರೂ ನೈಟಿ ಬಿಟ್ಟು ಯಾವುದೋ ಮಿರುಗುವ ಬಟ್ಟೆಯಲ್ಲಿದ್ದರು. ಈ ಮನೆಗೆ ಬಂದ ಮೇಲೆ ಅಮ್ಮ ಎಲ್ಲಿಗೆ ಹೋಗುತ್ತಾಳೆ ಅನ್ನುವುದು ನನಗೆ ಗೊತ್ತಿಲ್ಲದೆ ಇದ್ದದ್ದೇ ಇಲ್ಲ, ಕರೆದುಕೊಂಡು ಹೋಗುತ್ತಿದ್ದವನೇ ನಾನಲ್ಲವೇ. ಅವತ್ತು ಮೊದಲ ಸಲ ಗೊತ್ತಿರಲಿಲ್ಲ. ಹಲ್ಲುಜ್ಜುತ್ತ ಗರಾಜಿನ ಬಾಗಿಲಿಗೆ ಬಂದವನ ಬಾಯಿಂದ ಬಿದ್ದುಹೋಯಿತು:

"ಎಲ್ಲಿಗಮ್ಮಾ?"

ಅಮ್ಮ ಎಂಜಿನ್ ಆರಿಸಿದಳು.

"ಅಮ್ಮ, ಜಲಾನ್-ಜಲಾನ್ ಅಂದುಬಿಡಮ್ಮ. ಆಕೆ ಕೇಳಿದ್ರೆ ಪರವಾಗಿಲ್ಲ, ನಾನ್ ಕೇಳಿದ್ರೆ ತಪ್ಪಾ?"

"ಆಕೆ ಕೇಳೋದು ನಮಸ್ಕಾರಕ್ಕೆ. ನೀನ್ ಕೇಳೋದು ಎಲ್ಲಿಗೆ ಅಂತ ತಿಳ್ಕೊಳ್ಳೋಕೆ," ಅಂದು ಅಮ್ಮ ನನ್ನನ್ನು ದಾಟಿ ಒಳಗೆ ಹೋದಳು. ಇಬು ಕೂಡ ಇಳಿದು ಬಂದರು. ಬರುವಾಗ ನನ್ನ ಕಡೆ ಬೆರಳೆತ್ತಿ, ಎದುರು ಮನೆ ನಾಯಿಗೆ ಹೇಳುವ ದನಿಯಲ್ಲಿ, "ಜಾಂಗನ್ ತಾನ್ಯ," ಅಂದರು. ನನ್ನ ಅನುಕರಣೆಯ ಅನುಕರಣೆ. ಪರವಾಗಿಲ್ಲ, ಚೆನ್ನಾಗಿತ್ತು.

ಅಡುಗೆಮನೆಯಲ್ಲಿ ಇಬು "ದುದುಕ್ ದುಲು" ಅಂದರು, ಮೊದಲು ಕೂತ್ಕೊ ಅಂತ. ಅಮ್ಮ ಕೂತಳು. "ಮಿನುಮ್ ದುಲು," ಅಂದರು, ಮೊದಲು ಕುಡಿ ಅಂತ. ಅಮ್ಮ ಕುಡಿದಳು, ಅವರೂ ಕುಡಿದರು, ಗುಟುಕು ಗುಟುಕಾಗಿ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ಆಮೇಲೆ ಎದ್ದು, ಏನೂ ನಡೆದೇ ಇಲ್ಲವೆಂಬಂತೆ, ಮತ್ತೆ ಮೊದಲಿಂದ ಹೊರಟರು. ಕಾರು ಬೀದಿ ಕೊನೆಯಲ್ಲಿ ನಿಂತು, ಸಿಗ್ನಲ್ ಹಾಕಿ, ಕಿರಿಗೆ ತಿರುಗಿತು.

ಎಲ್ಲಿಗೆ ಹೋಗಿದ್ದರು ಅಂತ ನನಗೆ ಇವತ್ತಿಗೂ ಯಾರೂ ಹೇಳಿಲ್ಲ. ಲೋಟಗಳನ್ನು ಮಾತ್ರ ಮೇಜಿನ ಮೇಲೇ ಬಿಟ್ಟು ಹೋಗಿದ್ದರು. ತೊಳೆದಿಟ್ಟೆ.